‘ಬಗ್ಗೆ’ ಬಿಡಿ, ಕೆಲಸ ಹೇಳಿ: ಇಮೇಲ್‌ಗೆ ಸಬ್ಜೆಕ್ಟ್ ಹಾಕೋದು ಹೇಗೆ

ಮಂಡ್ಯದ ವಿ.ವಿ. ರಸ್ತೆಗೆ ಸೇರುವ ಒಂದು ಅಡ್ಡರಸ್ತೆಯಲ್ಲಿ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ. ಮದುವೆ ಕಾರ್ಡು, ಬೀಗರ ಊಟದ ಕಾರ್ಡು, ತಿಥಿ ಕಾರ್ಡು, ಬಿಲ್ ಪುಸ್ತಕ, ಕಾಲೇಜು ಮಕ್ಕಳ ಪ್ರಾಜೆಕ್ಟು, ಆನ್‌ಲೈನ್ ಅರ್ಜಿ, ಎಲ್ಲ ಇಲ್ಲೇ ಆಗುತ್ತೆ. ಹತ್ತೂವರೆ ಹನ್ನೊಂದರ ಹೊತ್ತಿಗೆ ಕೌಂಟರ್ ಮುಂದೆ ಐದಾರು ಜನ ನಿಂತಿರುತ್ತಾರೆ. ಆಗ ದಿನಾ ನಡೆಯುವ ಮಾತು ಇದು:

“ಅಣ್ಣ, ಮೇಲ್ ಮಾಡಿದ್ದೀನಿ. ಒಂದು ಪ್ರಿಂಟ್ ಕೊಡಿ.”

“ಯಾರ ಹೆಸರಿಂದ ಬಂದಿದೆಯಪ್ಪ?”

“ನಮ್ಮ ಮಾವನ ಫೋನಿಂದ ಅಣ್ಣ.”

“ಸಬ್ಜೆಕ್ಟ್ ಏನು ಹಾಕಿದ್ದೀಯ?”

“ಏನೂ ಹಾಕಿಲ್ಲ ಅಣ್ಣ.”

ಸ್ಕ್ರೀನ್ ನೋಡಿದರೆ ಮೇಲಿಂದ ಕೆಳಗಿನವರೆಗೆ ‘ವಿಷಯವಿಲ್ಲ’, ‘ವಿಷಯವಿಲ್ಲ’, ‘ವಿಷಯವಿಲ್ಲ’. ಒಂದನ್ನು ತೆರೆದರೆ ಯಾರದೋ ಆಧಾರ್ ಕಾರ್ಡು. ಇನ್ನೊಂದನ್ನು ತೆರೆದರೆ ಯಾರದೋ ರಕ್ತ ಪರೀಕ್ಷೆಯ ವರದಿ. ಹುಡುಗನ ಹಾಲ್ ಟಿಕೆಟ್ ಸಿಗುವ ಹೊತ್ತಿಗೆ ಬೇರೆಯವರ ಮನೆ ಸಮಾಚಾರವೆಲ್ಲ ನನ್ನ ಕಣ್ಣಿಗೆ ಬಿದ್ದಿರುತ್ತೆ. ಅವರಿಗೂ ಅದು ಬೇಡ, ನನಗೂ ಬೇಡ.

ಹತ್ತು ಹದಿನೈದು ವರ್ಷ ಹೀಗೆ ಬೇರೆಯವರ ಮೇಲ್ ನೋಡಿ ನೋಡಿ, ಬೇರೆಯವರ ಪರವಾಗಿ ಮೇಲ್ ಟೈಪ್ ಮಾಡಿ ಮಾಡಿ, ಸಬ್ಜೆಕ್ಟ್ ಹಾಕೋದರಲ್ಲಿ ಕೈ ಕುದುರಿದೆ. ಅದನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ.

ಮೊದಲು ‘ಬಗ್ಗೆ’ಯನ್ನು ಬಿಡಿ

ಸಬ್ಜೆಕ್ಟ್ ಬರೆಯೋದನ್ನು ನಮಗೆಲ್ಲ ಸ್ಕೂಲಲ್ಲೇ ಕಲಿಸಿದ್ದಾರೆ. ರಜಾ ಚೀಟಿ ನೆನಪಿಸಿಕೊಳ್ಳಿ. ಇವರಿಂದ, ಇವರಿಗೆ, ಮಾನ್ಯರೇ, ಆಮೇಲೆ ‘ವಿಷಯ: ಒಂದು ದಿನದ ರಜೆ ಕೋರಿ’. ದೊಡ್ಡವರಾಗಿ ಆಫೀಸಿಗೆ ಅರ್ಜಿ ಬರೆಯುವಾಗಲೂ ಅದೇ ಅಚ್ಚು. ‘ವಿಷಯ: ನೀರಿನ ಸಂಪರ್ಕದ ಬಗ್ಗೆ’, ‘ವಿಷಯ: ಖಾತೆ ಬದಲಾವಣೆ ಕುರಿತು’.

ಕಾಗದದ ಅರ್ಜಿಗೆ ಇದು ಸಾಕು. ಯಾಕೆ ಅಂದರೆ ಆ ಸಾಲನ್ನು ಓದೋದು ಕವರ್ ಹರಿದು ಕಾಗದ ಬಿಚ್ಚಿದ ಮೇಲೆ. ಕೈಯಲ್ಲಿ ಕಾಗದ ಇದೆ, ಕಣ್ಣು ಒಂದು ಇಂಚು ಕೆಳಗೆ ಹೋದರೆ ಪೂರ್ತಿ ಸಂಗತಿ ಸಿಗುತ್ತೆ. ಇಮೇಲ್‌ನಲ್ಲಿ ಉಲ್ಟಾ. ವಿಷಯದ ಸಾಲು ಕವರ್ ಮೇಲೇ ಇರುತ್ತೆ. ಅದನ್ನು ಓದಿಯೇ ಎದುರಿನವರು ತೆರೆಯಬೇಕೋ, ಆಮೇಲೆ ನೋಡೋಣ ಅಂತ ಬಿಡಬೇಕೋ ತೀರ್ಮಾನ ಮಾಡುತ್ತಾರೆ. ಅಲ್ಲಿ ಹೋಗಿ ‘ನೀರಿನ ಬಗ್ಗೆ’ ಅಂತ ಬರೆದರೆ ಏನು ಗೊತ್ತಾಗುತ್ತೆ? ನೀರು ಬಂದಿದೆಯಾ, ಬಂದಿಲ್ಲವಾ, ಜಾಸ್ತಿಯಾಯಿತಾ, ಕೆಂಪಗೆ ಬರುತ್ತಿದೆಯಾ?

ಇದಕ್ಕಿಂತ ಚೆನ್ನಾಗಿ ಬರೆಯುತ್ತಿದ್ದವರು ಟೆಲಿಗ್ರಾಂ ಕೊಡುತ್ತಿದ್ದವರು. ಅಂಚೆಯವನು ಟೆಲಿಗ್ರಾಂ ತಂದ ಅಂದರೆ ಓದುವ ಮುಂಚೆಯೇ ಮನೆಯಲ್ಲಿ ಅಳು ಶುರುವಾಗುತ್ತಿದ್ದ ಕಾಲ ಕೆಲವರಿಗಾದರೂ ನೆನಪಿರಬೇಕು. ‘ಫಾದರ್ ಸೀರಿಯಸ್ ಸ್ಟಾರ್ಟ್ ಇಮ್ಮಿಡಿಯೆಟ್ಲಿ.’ ನಾಲ್ಕೇ ಪದ. ಯಾರಿಗೆ, ಏನಾಗಿದೆ, ನೀನು ಏನು ಮಾಡಬೇಕು, ಯಾವಾಗ. ಪದಕ್ಕಿಷ್ಟು ಅಂತ ದುಡ್ಡು ಕೊಡಬೇಕಿತ್ತಲ್ಲ, ಯಾರೂ ‘ತಂದೆಯವರ ಆರೋಗ್ಯದ ಬಗ್ಗೆ’ ಅಂತ ಬರೆಸುತ್ತಿರಲಿಲ್ಲ. 2013ರ ಜುಲೈನಲ್ಲಿ ನಮ್ಮ ದೇಶದಲ್ಲಿ ಟೆಲಿಗ್ರಾಂ ನಿಂತುಹೋಯಿತು. ಆ ನಾಲ್ಕು ಪ್ರಶ್ನೆ ಮಾತ್ರ ಸಬ್ಜೆಕ್ಟ್ ಬರೆಯೋಕೆ ಇವತ್ತಿಗೂ ಬೇಕು.

ಓದುವವರು ಏನು ಮಾಡಬೇಕು, ಅದನ್ನು ತೀರ್ಮಾನಿಸಿ

ಮೇಲ್ ಬರೆಯೋಕೆ ಕೂತಾಗ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಇದನ್ನು ಓದಿದ ಮೇಲೆ ಅವರು ಏನು ಮಾಡಬೇಕು? ಉತ್ತರ ಮೂರರಲ್ಲಿ ಒಂದಾಗಿರುತ್ತೆ. ಏನೋ ಕೆಲಸ ಮಾಡಬೇಕು. ಇಲ್ಲ, ಹೌದು ಅಥವಾ ಬೇಡ ಅಂತ ಹೇಳಬೇಕು. ಇಲ್ಲ, ಸುಮ್ನೆ ತಿಳಿದುಕೊಂಡರೆ ಸಾಕು.

ನಾನು ಗಿರಾಕಿಗಳಿಗೆ ಮೊದಲೆಲ್ಲ ‘ಬಿಲ್ ಬಗ್ಗೆ’ ಅಂತ ಕಳಿಸುತ್ತಿದ್ದೆ. ಅದನ್ನು ನೋಡಿ ದುಡ್ಡು ಕಳಿಸಿದವರು ಬೆರಳೆಣಿಕೆ. ಈಗ ಹೀಗೆ ಹಾಕುತ್ತೇನೆ:

‘ಬಿಲ್ 118: ಬಾಕಿ ರೂ. 3,450, ಮಾರ್ಚ್ 20ರೊಳಗೆ ಕಳಿಸಿ’

ಇದನ್ನು ನೋಡಿದವರಿಗೆ ಮೇಲ್ ತೆರೆಯುವ ಅಗತ್ಯವೂ ಇಲ್ಲ. ನೇರವಾಗಿ ಫೋನ್‌ಪೇ ತೆರೆದರೆ ಆಯಿತು. ದುಡ್ಡು ಕೇಳೋಕೆ ಸಂಕೋಚ ಪಡುವವರು ಇದ್ದಾರೆ, ನಾನೂ ಹಾಗೇ ಇದ್ದೆ. ಸಂಕೋಚವನ್ನು ಒಳಗಿನ ಪತ್ರದಲ್ಲಿ ಇಟ್ಟುಕೊಳ್ಳಿ, ‘ದಯವಿಟ್ಟು ತಪ್ಪು ತಿಳಿಯಬೇಡಿ’ ಅಂತ ಎಷ್ಟು ಸಲ ಬೇಕಾದರೂ ಬರೆಯಿರಿ. ಮೇಲಿನ ಸಾಲಿನಲ್ಲಿ ಮೊತ್ತ ಇರಲಿ.

ಹೌದು-ಬೇಡ ಅನ್ನೋ ಪ್ರಶ್ನೆ ಇದ್ದರೆ ಪ್ರಶ್ನೆಯನ್ನೇ ಹಾಕಿ. ‘ಪ್ರವಾಸದ ಬಗ್ಗೆ’ ಬೇಡ. ‘ಮೇಲುಕೋಟೆಗೆ ಬಸ್ಸೋ ಎರಡು ಟಿಟಿಯೋ? ಶುಕ್ರವಾರದೊಳಗೆ ಹೇಳಿ’ ಅನ್ನಿ. ಪ್ರಶ್ನೆ ಚಿಹ್ನೆ ಕಂಡರೆ ಉತ್ತರ ಕೊಡಬೇಕು ಅಂತ ಕೈ ತಾನಾಗಿ ಹೋಗುತ್ತೆ.

ಬರೀ ತಿಳಿಸೋದು ಮಾತ್ರ ಆದರೆ ‘ಮಾಹಿತಿಗೆ:’ ಅಂತ ಶುರು ಮಾಡಿ. ಇದೂ ಒಂದು ಉಪಕಾರವೇ. ‘ಇದಕ್ಕೆ ಏನೂ ಮಾಡಬೇಕಿಲ್ಲ, ಬಿಡುವಾದಾಗ ನೋಡಿ’ ಅಂತ ಹೇಳಿದ ಹಾಗೆ.

ರಜೆ ಕೇಳುವವರಿಗೂ ಇದೇ. ‘ರಜೆ ಕೋರಿ’ ಅಂದರೆ ಮ್ಯಾನೇಜರ್ ತೆರೆದು ನೋಡಬೇಕು. ‘ರಜೆ: ಸೆಪ್ಟೆಂಬರ್ 18, 19. ಕೌಂಟರ್ ಕೆಲಸ ಮಂಜು ನೋಡಿಕೊಳ್ಳುತ್ತಾರೆ’ ಅಂದರೆ ಒಪ್ಪಿಗೆ ಅರ್ಧ ಅಲ್ಲೇ ಸಿಕ್ಕಿತು.

ಗುರುತು ಹಾಕಿ

ಎರಡನೆಯದು, ನಿಮ್ಮ ಮೇಲ್ ಅನ್ನು ಉಳಿದ ಇನ್ನೂರು ಮೇಲ್‌ಗಳಿಂದ ಬೇರೆ ಮಾಡುವ ಒಂದು ಗುರುತು. ಹೆಸರು, ನಂಬರ್, ಊರು, ತಾರೀಕು, ಯಾವುದು ಎದುರಿನವರ ಕೆಲಸಕ್ಕೆ ಬರುತ್ತೋ ಅದು. ಎದುರಿನವರು ಅಂದೆ. ನಿಮಗೆ ನಿಮ್ಮ ಮನೆ ‘ನಮ್ಮ ಮನೆ’. ಕರೆಂಟ್ ಆಫೀಸಿನವರಿಗೆ ಅದು ಒಂದು ಆರ್‌ಆರ್ ನಂಬರ್. ಬಿಲ್ಲಿನ ಮೇಲೆ ಇರುತ್ತೆ, ನೋಡಿ ಬರೆಯಿರಿ. ‘ಮೀಟರ್ ಸುಟ್ಟಿದೆ, ಬದಲಿಸಿಕೊಡಿ: ಆರ್‌ಆರ್ ನಂ. ಇಷ್ಟು, ಗುತ್ತಲು ರಸ್ತೆ’. ಜಮೀನಿನ ವಿಚಾರ ಆದರೆ ಸರ್ವೆ ನಂಬರ್, ಗ್ರಾಮ, ಹೋಬಳಿ. ಹಿಂದೆಯೇ ದೂರು ಕೊಟ್ಟಿದ್ದರೆ ದೂರಿನ ನಂಬರ್.

ನಮ್ಮಂಥ ಅಂಗಡಿಗೆ ಪ್ರಿಂಟ್ ಕಳಿಸುವವರು ಇಷ್ಟು ಬರೆದರೆ ಕಾಲು ಮುಟ್ಟಿ ನಮಸ್ಕಾರ ಮಾಡುತ್ತೇನೆ:

‘ಪ್ರಿಂಟ್: 42 ಪುಟ, ಕಪ್ಪು-ಬಿಳುಪು, ಎರಡೂ ಬದಿ, ಸ್ಪೈರಲ್. ದಿವ್ಯಾ, ಸಂಜೆ 4ಕ್ಕೆ ಬರ್ತೀನಿ’

ಗುರುತು ಹಾಕದೆ ನಾನೇ ಕೈ ಸುಟ್ಟುಕೊಂಡ ಕಥೆ ಒಂದಿದೆ. ಒಂದು ಮದುವೆ ಕಾರ್ಡಿನ ಕೆಲಸ. ಪ್ರೂಫ್ ಅನ್ನು ಮೇಲ್‌ನಲ್ಲಿ ಕಳಿಸಿದೆ, ಸಬ್ಜೆಕ್ಟ್ ‘ಕಾರ್ಡ್’. ಹುಡುಗಿಯ ಅಪ್ಪ ಫೋನ್ ಮಾಡಿ, ಆರತಕ್ಷತೆ ತಾರೀಕು ಮುಹೂರ್ತದ ತಾರೀಕು ಅದಲು ಬದಲಾಗಿದೆ ಅಂದರು. ತಿದ್ದಿ ಮತ್ತೆ ಕಳಿಸಿದೆ, ಅದಕ್ಕೂ ‘ಕಾರ್ಡ್’. ಆಮೇಲೆ ಅಜ್ಜಿಯ ಹೆಸರು ಬಿಟ್ಟುಹೋಗಿದೆ ಅಂದರು. ಮೂರನೇ ಸಲವೂ ‘ಕಾರ್ಡ್’. ಅವರು ‘ಓಕೆ, ಪ್ರಿಂಟ್ ಹಾಕಿ’ ಅಂತ ಉತ್ತರ ಕೊಟ್ಟರು. ಯಾವ ಕಾರ್ಡಿಗೆ ಓಕೆ? ನಾನು ಗಡಿಬಿಡಿಯಲ್ಲಿ ತೆರೆದದ್ದು ಮೊದಲನೆಯದು. 400 ಕಾರ್ಡು ಅಚ್ಚಾಯಿತು. ಗಂಡಿನ ಕಡೆಯವರು ಮುಹೂರ್ತ ಮುಗಿದ ಮಾರನೇ ದಿನ ಬರುವ ಹಾಗೆ ಅಚ್ಚಾಯಿತು. ಪುಣ್ಯಕ್ಕೆ ಹಂಚುವ ಮುಂಚೆ ಗೊತ್ತಾಯಿತು. ಕಾರ್ಡೂ ನನ್ನದೇ, ಇಂಕೂ ನನ್ನದೇ, ರಾತ್ರಿ ಎರಡು ಗಂಟೆವರೆಗಿನ ನಿದ್ದೆಯೂ ನನ್ನದೇ.

ಅವತ್ತಿನಿಂದ ಪ್ರತಿ ಪ್ರೂಫ್‌ಗೂ ಹೊಸ ಮೇಲ್, ಹೊಸ ನಂಬರ್. ‘ಮದುವೆ ಕಾರ್ಡ್ ಪ್ರೂಫ್ 3: ಮುಹೂರ್ತ ಮೇ 12. ಸರಿಯಿದ್ದರೆ “ಪ್ರೂಫ್ 3 ಓಕೆ” ಎಂದು ಬರೆಯಿರಿ’. ಉದ್ದ ಆಯಿತು ಅಂತೀರಾ? ಆಗಲಿ. 400 ಕಾರ್ಡಿಗಿಂತ ಅಗ್ಗ.

ಭಾರದ ಪದ ಮುಂದೆ ಇರಲಿ

ಇದು ಕನ್ನಡದಲ್ಲಿ ಬರೆಯುವವರಿಗೆ ವಿಶೇಷವಾಗಿ ಹೇಳಬೇಕಾದ ಮಾತು. ಇಂಗ್ಲಿಷ್‌ನಲ್ಲಿ ಬರೆಯುವವರಿಗೆ ಈ ತೊಂದರೆ ಇಷ್ಟಿಲ್ಲ.

ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ. ‘ನಾಳಿದ್ದು ಬೆಳಗ್ಗೆ ನಿಮ್ಮ ಮನೆಗೆ ನಾನು’ ಅಂತ ಹೇಳುವವರೆಗೂ ಬರುತ್ತಾರೋ ಬರಲ್ಲವೋ ಗೊತ್ತಾಗಲ್ಲ. ಮಾತಿನಲ್ಲಿ ಪರವಾಗಿಲ್ಲ, ಕೇಳುವವರು ಎದುರಿಗೇ ನಿಂತಿರುತ್ತಾರೆ, ಕಾಯುತ್ತಾರೆ. ಫೋನಿನ ಸ್ಕ್ರೀನ್ ಕಾಯಲ್ಲ. ಸಾಲು ಉದ್ದವಾದರೆ ಬಾಲ ಕತ್ತರಿಸಿ ಮೂರು ಚುಕ್ಕಿ ಇಟ್ಟುಬಿಡುತ್ತೆ. ಇಂಗ್ಲಿಷ್ ಆದರೆ ಸುಮಾರು 30ರಿಂದ 40 ಅಕ್ಷರ ಕಾಣುತ್ತೆ. ಕನ್ನಡದ ಅಕ್ಷರ ಅಗಲ ಜಾಸ್ತಿ, ನನ್ನ ಫೋನಿನಲ್ಲಿ ನಾಲ್ಕೈದು ಪದಕ್ಕೇ ಜಾಗ ಮುಗಿಯುತ್ತೆ. ಕತ್ತರಿಸಿಹೋಗೋದು ಬಾಲ, ನಮ್ಮ ಪ್ರಾಣ ಇರೋದೂ ಬಾಲದಲ್ಲೇ.

ನಮ್ಮ ಬಡಾವಣೆ ಸಂಘದ ಕಾರ್ಯದರ್ಶಿ ಕೆಲಸ ಮೂರು ವರ್ಷದಿಂದ ನನ್ನ ತಲೆಗೆ ಬಿದ್ದಿದೆ. ಕಂಪ್ಯೂಟರ್ ಇರೋನು ನಾನೊಬ್ಬನೇ ಅನ್ನೋದು ಅದಕ್ಕೆ ಕಾರಣ. ಒಮ್ಮೆ ಸಭೆ ಮುಂದಕ್ಕೆ ಹೋಯಿತು. ಎಲ್ಲರಿಗೂ ಮೇಲ್ ಹಾಕಿದೆ: ‘ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಪಾರ್ಕಿನಲ್ಲಿ ನಡೆಯಬೇಕಿದ್ದ ಸಂಘದ ಸಭೆಯನ್ನು ಮುಂದೂಡಲಾಗಿದೆ’. ವ್ಯಾಕರಣ ಸರಿ, ಕನ್ನಡ ಸರಿ, ಮರ್ಯಾದೆಯೂ ಸರಿ. ಭಾನುವಾರ ಹತ್ತಕ್ಕೆ ಎಂಟು ಜನ ಪಾರ್ಕಿನಲ್ಲಿ ನಿಂತಿದ್ದರು. ಒಬ್ಬ ನಿವೃತ್ತ ಮೇಷ್ಟ್ರು ಫೋನ್ ತೋರಿಸಿದರು. ಅವರ ಸ್ಕ್ರೀನ್ ಮೇಲೆ ಇದ್ದದ್ದು ಇಷ್ಟು: ‘ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಪಾರ್ಕಿನಲ್ಲಿ…’

“ನೀವೇ ಕರೆದ್ರಲ್ಲಪ್ಪ” ಅಂದರು. ನಾನು ಏನು ಹೇಳಲಿ?

ಆ ಮೇಲ್ ಹೀಗಿರಬೇಕಿತ್ತು: ‘ಸಭೆ ಮುಂದಕ್ಕೆ: 14ರ ಬದಲು 21, ಭಾನುವಾರ ಬೆಳಗ್ಗೆ 10’. ಮೊದಲ ಎರಡೇ ಪದದಲ್ಲಿ ಕೆಲಸ ಮುಗಿಯಿತು. ಉಳಿದದ್ದು ಕತ್ತರಿಸಿಹೋದರೂ ಯಾರೂ ಪಾರ್ಕಿಗೆ ಬರಲ್ಲ.

ಹೀಗೆ ಬರೆಯೋಕೆ ಬರಲ್ಲ ಅನ್ನುವವರು ದಿನಪತ್ರಿಕೆ ತೆರೆಯಲಿ. ನಮ್ಮ ಕಡೆ ಮಳೆಗಾಲದಲ್ಲಿ ಎಲ್ಲರೂ ಮೊದಲು ನೋಡೋದು ಅಣೆಕಟ್ಟೆಯ ಲೆಕ್ಕದ ಚೌಕ. ಕೆಆರ್‌ಎಸ್, ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಒಂದು ಕ್ರಿಯಾಪದ ಇಲ್ಲ. ನಾಲೆಗೆ ನೀರು ಬರುತ್ತೋ ಇಲ್ಲವೋ, ಭತ್ತದ ಒಟ್ಟಲು ಹಾಕಬಹುದೋ ಬೇಡವೋ, ರೈತರು ಅಷ್ಟರಲ್ಲೇ ಲೆಕ್ಕ ಹಾಕಿಬಿಡುತ್ತಾರೆ. ನಿಮ್ಮ ಸಬ್ಜೆಕ್ಟ್ ಆ ಚೌಕದ ಹಾಗಿರಲಿ.

ಸುಲಭದ ಉಪಾಯ ಅಂದರೆ ಒಂದು ಪದ, ಆಮೇಲೆ ಎರಡು ಚುಕ್ಕಿ. ‘ರದ್ದು:’, ‘ಬದಲಾವಣೆ:’, ‘ಒಪ್ಪಿಗೆ ಬೇಕು:’, ‘ಜ್ಞಾಪನೆ:’. ಕೊನೆಗೆ ಬರಬೇಕಾದ ಕ್ರಿಯಾಪದವನ್ನು ಹೀಗೆ ಹೆಸರುಪದ ಮಾಡಿ ತಲೆಗೆ ತಂದು ಕೂರಿಸಬಹುದು. ‘ಮುಂದೂಡಲಾಗಿದೆ’, ‘ಕೋರಲಾಗಿದೆ’, ‘ತಿಳಿಯಪಡಿಸಲಾಗಿದೆ’ ಅನ್ನೋ ‘ಲಾಗಿದೆ’ಗಳನ್ನೆಲ್ಲ ತೆಗೆದುಬಿಡಿ. ಅವು ಆಫೀಸ್ ಆದೇಶಕ್ಕೆ ಇರಲಿ.

‘ಅರ್ಜೆಂಟ್’ ಅನ್ನೋ ಪದ ನಾನು ಹಾಕೋದೇ ಇಲ್ಲ. ಎಲ್ಲರೂ ಹಾಕಿ ಹಾಕಿ ಅದಕ್ಕೆ ಬೆಲೆ ಹೋಗಿದೆ. ಯಾವಾಗ ಬೇಕು ಅಂತ ಗಂಟೆ ಸಮೇತ ಬರೆದರೆ ಅರ್ಜೆಂಟೋ ಅಲ್ಲವೋ ಅವರಿಗೇ ಗೊತ್ತಾಗುತ್ತೆ. ‘ನಾಳೆ’, ‘ಇಂದು’ ಕೂಡ ಬೇಡ. ನೀವು ಮಂಗಳವಾರ ರಾತ್ರಿ ಬರೆದ ‘ನಾಳೆ’ಯನ್ನು ಅವರು ಬುಧವಾರ ಬೆಳಗ್ಗೆ ಓದುತ್ತಾರೆ, ಗುರುವಾರಕ್ಕೆ ರೆಡಿಯಾಗುತ್ತಾರೆ. ವಾರ, ತಾರೀಕು ಎರಡೂ ಬರೆಯಿರಿ.

ಕೆಲಸಕ್ಕೆ ಅರ್ಜಿ ಹಾಕುವವರಿಗೆ

ನಮ್ಮಲ್ಲಿಗೆ ಬರುವ ಹುಡುಗ ಹುಡುಗಿಯರಲ್ಲಿ ಬಹಳ ಜನ ಮೈಸೂರಿನ ಹೆಬ್ಬಾಳದ ಕಡೆಯ ಕಂಪನಿಗಳಿಗೋ ಬೆಂಗಳೂರಿಗೋ ಅರ್ಜಿ ಕಳಿಸುವವರು. ಎಲ್ಲರದೂ ಒಂದೇ ಸಬ್ಜೆಕ್ಟ್: ‘ರೆಸ್ಯೂಮ್’. ಆ ಕಡೆ ಕೂತಿರುವವರಿಗೆ ಅವತ್ತು ಬಂದಿರುವ ಎಲ್ಲ ಮೇಲ್‌ಗಳೂ ‘ರೆಸ್ಯೂಮ್’ಗಳೇ ಅನ್ನೋದು ಇವರಿಗೆ ಹೊಳೆದಿರಲ್ಲ.

ಮೊದಲು ಜಾಹೀರಾತನ್ನು ಇನ್ನೊಂದು ಸಲ ಓದಿ. ‘ಸಬ್ಜೆಕ್ಟ್‌ನಲ್ಲಿ ಹುದ್ದೆಯ ಕೋಡ್ ನಮೂದಿಸಿ’ ಅಂತ ಇದ್ದರೆ ಅದನ್ನು ಅಕ್ಷರ ಬಿಡದೆ ಹಾಗೇ ಕಾಪಿ ಮಾಡಿ. ನಿಮ್ಮ ಬುದ್ಧಿ ಅಲ್ಲಿ ಓಡಿಸಬೇಡಿ. ಎಷ್ಟೋ ಕಡೆ ಆ ಕೋಡ್ ನೋಡಿಯೇ ಮೇಲ್‌ಗಳನ್ನು ಬೇರೆ ಬೇರೆ ಮಾಡುತ್ತಾರೆ. ಅಂಥದ್ದೇನೂ ಹೇಳಿಲ್ಲದಿದ್ದರೆ ಹುದ್ದೆ, ಓದು, ಅನುಭವ, ಹೆಸರು. ‘ಅಕೌಂಟೆಂಟ್ ಹುದ್ದೆಗೆ ಅರ್ಜಿ: ಬಿ.ಕಾಂ., ಟ್ಯಾಲಿ, 2 ವರ್ಷ ಅನುಭವ’ ಅಂತ ಹಾಕಿ ಕೊನೆಗೆ ಹೆಸರು ಬರೆಯಿರಿ. ಜಾಹೀರಾತು ಇಂಗ್ಲಿಷ್‌ನಲ್ಲಿದ್ದರೆ ಇದೂ ಇಂಗ್ಲಿಷ್‌ನಲ್ಲೇ ಇರಲಿ. ಜೊತೆಗೆ ಲಗತ್ತಿಸುವ ಫೈಲಿನ ಹೆಸರೂ ಸರಿಯಿರಲಿ. ‘ರೆಸ್ಯೂಮ್ ಫೈನಲ್ ಫೈನಲ್ 2’ ಅಂತ ಕಳಿಸಿದ ಒಬ್ಬ ಹುಡುಗ ನಮ್ಮಲ್ಲಿದ್ದ. ಎಷ್ಟು ಸಲ ತಿದ್ದಿದ ಅಂತ ಕಂಪನಿಗೆ ಯಾಕೆ ಗೊತ್ತಾಗಬೇಕು?

ಉತ್ತರ ಕೊಡುವಾಗ

ಉತ್ತರದ ಮೇಲ್‌ಗೆ ಮುಂದೆ ‘ರೀ’ ಅಂತ ಬರುತ್ತಲ್ಲ, ಅದು ‘ರಿಪ್ಲೈ’ಯ ಮೊದಲ ಅಕ್ಷರ ಅಂದುಕೊಂಡಿದ್ದೆ. ಅಲ್ಲವಂತೆ, ‘ಈ ವಿಷಯದಲ್ಲಿ’ ಅನ್ನೋ ಅರ್ಥದ ಲ್ಯಾಟಿನ್ ಮಾತು. ನಮ್ಮ ‘ಉಲ್ಲೇಖ’ ಇದ್ದ ಹಾಗೆ. ಅಂದರೆ ವಿಷಯ ಅದೇ ಇರುವವರೆಗೆ ಅದು ಸರಿ.

ತೊಂದರೆ ಬರೋದು ಇಲ್ಲಿ. ನಮ್ಮವರಿಗೆ ಹೊಸ ಮೇಲ್ ಬರೆಯೋಕೆ ಸೋಮಾರಿತನ. ವಿಳಾಸ ಹುಡುಕೋದು ಯಾಕೆ ಅಂತ ಆರು ತಿಂಗಳ ಹಿಂದಿನ ಯಾವುದೋ ಮೇಲ್ ತೆಗೆದು ರಿಪ್ಲೈ ಒತ್ತುತ್ತಾರೆ. ಮಗನ ನಾಮಕರಣದ ಕಾರ್ಡಿನ ಆರ್ಡರ್ ‘ರೀ: ತಾತನ ತಿಥಿ ಕಾರ್ಡ್’ ಅನ್ನೋ ತಲೆಬರಹದಲ್ಲಿ ಬಂದಿದ್ದನ್ನು ನಾನೇ ನೋಡಿದ್ದೇನೆ. ಅಪಶಕುನ ಅನ್ನೋದನ್ನು ಬಿಡಿ, ಆಮೇಲೆ ಹುಡುಕೋಕೆ ಹೋದರೆ ಸಿಗಲ್ಲ. ಜಿಮೇಲ್ ಒಂದು ಸಬ್ಜೆಕ್ಟಿನ ಉತ್ತರಗಳನ್ನೆಲ್ಲ ಒಂದೇ ಕಟ್ಟಿನಲ್ಲಿ ಇಡುತ್ತೆ. ನಾಮಕರಣ ಹೋಗಿ ತಿಥಿ ಕಟ್ಟಿನೊಳಗೆ ಕೂರುತ್ತೆ.

ಮಾತು ಬದಲಾದರೆ ಸಬ್ಜೆಕ್ಟೂ ಬದಲಾಗಲಿ. ಹೊಸ ಮೇಲ್ ಬರೆಯೋದು ಒಳ್ಳೆಯದು. ಅದು ಬೇಡ ಅಂದರೆ ಕಂಪ್ಯೂಟರ್‌ನಲ್ಲಿ ರಿಪ್ಲೈ ಒತ್ತಿ, ಬಾಣದ ಗುರುತಿನ ಪಕ್ಕದ ಪುಟ್ಟ ತ್ರಿಕೋನ ಒತ್ತಿದರೆ ಸಬ್ಜೆಕ್ಟ್ ತಿದ್ದುವ ಅವಕಾಶ ಸಿಗುತ್ತೆ. ಬದಲಾಯಿಸಿದ ಕೂಡಲೇ ಜಿಮೇಲ್ ಬೇರೆ ಕಟ್ಟು ಕಟ್ಟುತ್ತೆ.

ಕನ್ನಡವೋ, ಇಂಗ್ಲಿಷೋ

ಓದುವವರು ಯಾವ ಭಾಷೆಯಲ್ಲಿ ಆರಾಮಾಗಿ ಓದುತ್ತಾರೋ ಅದು. ಕನ್ನಡ ಹಾಕಿದರೆ ಮೇಲ್ ಹೋಗಲ್ಲ ಅನ್ನೋ ಹೆದರಿಕೆ ಇನ್ನೂ ಕೆಲವರಿಗಿದೆ. ಹೋಗುತ್ತೆ. ಶುರುವಿನಲ್ಲಿ ಮೇಲ್‌ನ ಈ ಸಾಲುಗಳಿಗೆ ಇಂಗ್ಲಿಷ್ ಅಕ್ಷರ ಮಾತ್ರ ಹಿಡಿಸುತ್ತಿತ್ತು, ನಿಜ. ಬೇರೆ ಲಿಪಿಯನ್ನು ಇಂಗ್ಲಿಷ್ ಅಕ್ಷರ, ಅಂಕಿಗಳ ಮಾರುವೇಷ ಹಾಕಿ ಕಳಿಸಿ ಆ ಕಡೆ ಮತ್ತೆ ಬಿಚ್ಚುವ ಏರ್ಪಾಡು 90ರ ದಶಕದಲ್ಲಿ ಬಂತು. ಈಗ ಬಳಕೆಯಲ್ಲಿರುವ ನಿಯಮ 1996ರದು. ಹಳೇ ಸಾಫ್ಟ್‌ವೇರ್‌ನಲ್ಲಿ ಆ ವೇಷ ಕಳಚದೆ, ‘ಯುಟಿಎಫ್-8’ ಅಂತ ಶುರುವಾಗಿ ಪ್ರಶ್ನೆ ಚಿಹ್ನೆಗಳ ಮಧ್ಯೆ ಅರ್ಥವಿಲ್ಲದ ಅಕ್ಷರ ಕಾಣೋದು ಉಂಟು. ಈಗ ಅಪರೂಪ.

ನಮ್ಮ ಡಿಟಿಪಿ ಜನರ ತೊಂದರೆ ಬೇರೆ. ನಾವು ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡುವವರು. ನುಡಿಯ ಹಳೇ ಫಾಂಟಿನಲ್ಲಿ ಅಕ್ಷರ ಕನ್ನಡದ ಹಾಗೆ ಕಂಡರೂ ಒಳಗೆ ಇರೋದು ಇಂಗ್ಲಿಷ್ ಗುರುತುಗಳೇ, ಫಾಂಟ್ ಅದಕ್ಕೆ ಕನ್ನಡದ ಅಂಗಿ ತೊಡಿಸಿರುತ್ತೆ. ಅದನ್ನು ಕಾಪಿ ಮಾಡಿ ಸಬ್ಜೆಕ್ಟ್ ಜಾಗಕ್ಕೆ ಹಾಕಿದರೆ ಅಂಗಿ ಉದುರಿಹೋಗುತ್ತೆ. ಸಬ್ಜೆಕ್ಟ್‌ನಲ್ಲಿ ಫಾಂಟ್ ಬದಲಾಯಿಸೋಕೆ ಆಗಲ್ಲವಲ್ಲ. ಆ ಕಡೆಯವರಿಗೆ ಕಾಣೋದು ಇಂಗ್ಲಿಷ್ ಅಕ್ಷರದ ತಲೆ ಮೇಲೆ ಕೊಂಬು, ಗೀಟು ಇಟ್ಟಂಥ ಚಿತ್ತಾರ. ಪರಿಹಾರ ಸುಲಭ: ಸಬ್ಜೆಕ್ಟ್ ಅನ್ನು ಯೂನಿಕೋಡ್‌ನಲ್ಲೇ, ಅಂದರೆ ಒಳಗೂ ಕನ್ನಡ ಅಕ್ಷರವೇ ಇರುವ ಪದ್ಧತಿಯಲ್ಲಿ, ಟೈಪ್ ಮಾಡಿ. ನುಡಿಯಲ್ಲೇ ಯೂನಿಕೋಡ್‌ಗೆ ಬದಲಾಯಿಸುವ ಸೌಲಭ್ಯ ಇದೆ. ಫೋನಿನ ಕನ್ನಡ ಕೀಬೋರ್ಡ್ ಆದರೆ ಯೋಚನೆಯೇ ಬೇಡ, ಅದು ಯೂನಿಕೋಡೇ.

ಅಂಕಿಗಳನ್ನು ಮಾತ್ರ 1, 2, 3 ರಲ್ಲೇ ಬರೆಯಿರಿ. ಕನ್ನಡ ಅಂಕಿ ನನಗೂ ಇಷ್ಟ, ಮದುವೆ ಕಾರ್ಡಿನಲ್ಲಿ ಚೆಂದ ಕಾಣುತ್ತೆ. ಆದರೆ ನಾಳೆ ಅವರು ಬಿಲ್ ಹುಡುಕುವಾಗ ಟೈಪ್ ಮಾಡೋದು 118 ಅಂತ.

ಸಾಲಿನಲ್ಲಿ ಬರಬಾರದ್ದು

ಲಾಕ್ ಆಗಿರುವ ಫೋನಿನ ಸ್ಕ್ರೀನ್ ಮೇಲೂ ಸಬ್ಜೆಕ್ಟ್ ಕಾಣುತ್ತೆ. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಕಾಣುತ್ತೆ. ಹಾಗಾಗಿ ಆಧಾರ್ ನಂಬರ್, ಪಾಸ್‌ವರ್ಡ್, ಪೂರ್ತಿ ಬ್ಯಾಂಕ್ ಖಾತೆ ಸಂಖ್ಯೆ, ಕಾಯಿಲೆಯ ಹೆಸರು ಇವೆಲ್ಲ ಒಳಗೆ ಇರಲಿ. ಖಾತೆ ಗುರುತು ಬೇಕೇ ಬೇಕು ಅಂದರೆ ಕೊನೆಯ ನಾಲ್ಕು ಅಂಕಿ ಸಾಕು.

ಮೋಸದ ಮೇಲ್‌ಗಳ ವೇಷವೂ ಬೇಡ. 2000ದ ಮೇ ತಿಂಗಳಲ್ಲಿ ‘ಐ ಲವ್ ಯೂ’ ಅಂತ ಸಬ್ಜೆಕ್ಟ್ ಹೊತ್ತ ಒಂದು ಮೇಲ್ ಫಿಲಿಪೀನ್ಸ್‌ನಿಂದ ಹೊರಟು ಪ್ರಪಂಚದ ಲಕ್ಷಾಂತರ ಕಂಪ್ಯೂಟರ್‌ಗಳಿಗೆ ವೈರಸ್ ಹಚ್ಚಿತು. ಒಳಗಿದ್ದ ಫೈಲನ್ನು ಜನ ತಾವಾಗಿ ತೆರೆದರು, ಮೂರು ಪದದ ಸಬ್ಜೆಕ್ಟ್ ಅಷ್ಟು ಕೆಲಸ ಮಾಡಿತು. ಅಲ್ಲಿಂದೀಚೆಗೆ ಜನ ಹುಷಾರಾಗಿದ್ದಾರೆ, ಮೇಲ್ ಕಂಪನಿಗಳೂ ಹುಷಾರಾಗಿವೆ. ‘ಶುಭ ಸುದ್ದಿ!!!’, ‘ಕೂಡಲೇ ತೆರೆಯಿರಿ’, ‘ಉಚಿತ’ ಅಂತೆಲ್ಲ ಬರೆದರೆ ನಿಮ್ಮ ಸಾಚಾ ಮೇಲ್ ಕೂಡ ಸ್ಪ್ಯಾಮ್ ಡಬ್ಬಿಗೆ ಹೋಗಬಹುದು. ಅಲ್ಲಿ ತಪ್ಪಿಸಿಕೊಂಡರೂ ಓದುವವರ ಅನುಮಾನದಿಂದ ತಪ್ಪಿಸಿಕೊಳ್ಳಲ್ಲ.

ಕಳಿಸುವ ಮುಂಚೆ, ಕಳಿಸಿದ ಮೇಲೆ

ನಾನು ಸಬ್ಜೆಕ್ಟ್ ಅನ್ನು ಮೊದಲೇ ಬರೆಯುತ್ತೇನೆ, ಪತ್ರ ಮುಗಿದ ಮೇಲೆ ಮತ್ತೆ ನೋಡುತ್ತೇನೆ. ಬರೆಯುತ್ತಾ ಬರೆಯುತ್ತಾ ಮಾತು ಬೇರೆ ಕಡೆ ಹೋಗಿರುತ್ತೆ. ಒಂದು ಸಾಲಿಗೆ ಎರಡು ವಿಷಯ ತುರುಕಬೇಕಾಗಿ ಬಂದರೆ ಎರಡು ಮೇಲ್ ಮಾಡುತ್ತೇನೆ. ಮುಖ್ಯವಾದ ಮೇಲ್ ಆದರೆ, ಅದರಲ್ಲೂ ಬಹಳ ಜನಕ್ಕೆ ಹೋಗೋದಾದರೆ, ಮೊದಲು ನನಗೇ ಕಳಿಸಿಕೊಂಡು ಫೋನಿನಲ್ಲಿ ಎಷ್ಟು ಕಾಣುತ್ತೆ ನೋಡುತ್ತೇನೆ. ಪಾರ್ಕಿನ ಎಂಟು ಜನ ಕಲಿಸಿದ ಅಭ್ಯಾಸ ಇದು.

ಸಬ್ಜೆಕ್ಟಿನ ಪಕ್ಕ ಅಥವಾ ಕೆಳಗೆ ಪತ್ರದ ಮೊದಲ ಕೆಲವು ಪದಗಳೂ ಬೂದು ಬಣ್ಣದಲ್ಲಿ ಕಾಣುತ್ತವೆ. ‘ಮಾನ್ಯರೇ, ತಾವು ಕ್ಷೇಮವೆಂದು ನಂಬಿದ್ದೇನೆ, ಈ ಮೂಲಕ ತಮ್ಮಲ್ಲಿ’ ಅಂತ ಆ ಜಾಗ ಹಾಳಾಗುತ್ತೆ. ‘ಮಾನ್ಯರೇ’ ಆದ ಕೂಡಲೇ ವಿಷಯಕ್ಕೆ ಬನ್ನಿ, ಕ್ಷೇಮ ಸಮಾಚಾರ ಕೊನೆಗೆ ಇರಲಿ. ಸಬ್ಜೆಕ್ಟಲ್ಲೇ ಎಲ್ಲ ಮುಗಿದಿದ್ದರೆ ಕೊನೆಗೆ ‘ಇಷ್ಟೇ’ ಅಂತ ಸೇರಿಸಿ: ‘ಕಾರ್ಡ್ ರೆಡಿ, ರಾತ್ರಿ 8ರವರೆಗೆ ಅಂಗಡಿ ತೆಗೆದಿರುತ್ತೆ. ಇಷ್ಟೇ’. ಆ ‘ಇಷ್ಟೇ’ ಕಂಡವರು ಮೇಲ್ ತೆರೆಯೋಕೆ ಹೋಗಲ್ಲ.

ಒಮ್ಮೆ ಹೋದ ಮೇಲ್‌ನ ಸಬ್ಜೆಕ್ಟ್ ತಿದ್ದೋಕೆ ಬರಲ್ಲ. ಜಿಮೇಲ್‌ನಲ್ಲಿ ಕಳಿಸಿದ ಕೂಡಲೇ ವಾಪಸ್ ಪಡೆಯುವ ಗುಂಡಿ ಕೆಲವು ಸೆಕೆಂಡು ಕಾಣುತ್ತೆ. ಕಂಪ್ಯೂಟರ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋದರೆ ಅದನ್ನು 5, 10, 20 ಅಥವಾ 30 ಸೆಕೆಂಡ್ ಮಾಡಿಕೊಳ್ಳಬಹುದು. 30 ಇಡಿ. ನಮ್ಮ ತಪ್ಪೆಲ್ಲ ಕಣ್ಣಿಗೆ ಬೀಳೋದು ಕಳಿಸಿದ ಹತ್ತನೇ ಸೆಕೆಂಡಿಗೇ. ಅದೂ ದಾಟಿತು ಅಂದರೆ ಇನ್ನೊಂದು ಮೇಲ್ ಕಳಿಸಿ, ಮೊದಲ ಪದ ‘ತಿದ್ದುಪಡಿ:’ ಇರಲಿ, ಎರಡನೇ ಪದ ಯಾವುದು ತಪ್ಪಾಗಿತ್ತೋ ಅದು. ‘ತಿದ್ದುಪಡಿ: ಸಭೆ 21ಕ್ಕೆ, 12ಕ್ಕೆ ಅಲ್ಲ’. ಕ್ಷಮೆ ಕೇಳೋದಿದ್ದರೆ ಒಳಗೆ ಕೇಳಿ.